ಹನ್ನೆರಡು ತಗಡು

ಚೀಲದಲ್ಲಿದ್ದ ಮೂರು ಸ್ಟೀಲ್ ತಟ್ಟೆಗಳು ಹೆಜ್ಜೆಗೊಮ್ಮೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬೆಳಗ್ಗೆ ಹತ್ತು ಗಂಟೆಗೆ ಗಾಂಧಿ ಬಜಾರಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಟ್ಟೆ ಬಡಿದುಕೊಂಡು ಹೋಗುವ ಅರವತ್ತೊಂದು ವರ್ಷದ ಗಂಡಸು ಯಾವುದೋ ಮಠದ ಊಟಕ್ಕೆ ಬೇಗನೆ ಹೊರಟವನಂತೆ ಕಾಣುತ್ತಿರಬೇಕು ಎಂದು ಶ್ರೀಧರನಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಸೇವಂತಿಗೆ ಕಟ್ಟುತ್ತಿದ್ದ ಹೂವಿನವಳು ತನ್ನನ್ನೇ ನೋಡಿ ನಕ್ಕಂತಾಯಿತು. ಅವಳು ನಕ್ಕದ್ದು ಪಕ್ಕದವಳ ಮಾತಿಗೆ. ಆದರೂ ಅವನು ಫುಟ್‌ಪಾತಿನ ಅಂಚಿಗೆ ಸರಿದು, ಚೀಲ ಬಿಚ್ಚಿ, ತಟ್ಟೆಗಳ ನಡುವೆ ಕರ್ಚೀಫನ್ನು ಮಡಿಸಿ ತುರುಕಿದ. ತಟ್ಟೆಗಳ ಕೆಳಗೆ ಎರಡು ಬಾಟಲಿ. ಒಂದರಲ್ಲಿ ಫೋಟೋ ತೊಳೆಯುವ ಡೆವಲಪರ್, ಇನ್ನೊಂದರಲ್ಲಿ ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋ. ಅದರ ಕೆಳಗೆ ಟವೆಲಿನಲ್ಲಿ ಸುತ್ತಿದ ಕೆಂಪು ಬಲ್ಬು. ಮನೆಯಿಂದ ಹೊರಡುವ ಮುನ್ನ ಎರಡು ಸಲ ಎಲ್ಲವನ್ನೂ ಪರೀಕ್ಷಿಸಿದ್ದ. ಸತ್ತವನಿಗೆ ಇಂಜೆಕ್ಷನ್ ಕೊಡಲು ಹೊರಟ ಡಾಕ್ಟರನ ಚೀಲವೂ ಹೀಗೇ ಅಚ್ಚುಕಟ್ಟಾಗಿರುತ್ತದೇನೋ.

ಫೋನು ಬಂದದ್ದು ನಿನ್ನೆ ಮಧ್ಯಾಹ್ನ. "ಶ್ರೀಧರ್ ಅವರಾ? ನಾನು ವಿಶಾಲಾಕ್ಷಮ್ಮ, ಗವಿಪುರದಿಂದ. ಹೋದ ವಾರ ನಮ್ಮನೆಗೆ ಬಂದಿದ್ರಂತಲ್ಲ, ಕ್ಯಾಮರಾ ನೋಡೋಕೆ. ನಾನು ಕಣ್ಣಾಸ್ಪತ್ರೆಗೆ ಹೋಗಿದ್ದೆ. ನಿಮ್ಮನ್ನ ಕರೆಸಿದ ಕೇದಾರ ನನ್ನ ತಮ್ಮನ ಮಗ." ಎಂಬತ್ತನಾಲ್ಕು ವರ್ಷದ ದನಿ ಎಂದು ಹೇಳುವಂತಿರಲಿಲ್ಲ. ಗಲ್ಲಾದ ಹಿಂದೆ ಕೂತು ಗಿರಾಕಿಯನ್ನು ಮಾತನಾಡಿಸುವವರ ದನಿ. "ನೀವು ಬೆಲೆ ಬರೆದುಕೊಟ್ಟ ಚೀಟಿ ಓದಿದೆ, ಭೂತಗನ್ನಡಿ ಇಟ್ಕೊಂಡು. ಅದರಲ್ಲಿ 'ಮುಳ್ಳು ಮೂರರಲ್ಲಿ ನಿಂತಿದೆ' ಅಂತ ಬರೆದಿದೀರಲ್ಲ, ಏನದು?" ಅವನು ಹೇಳಿದ. ಎಷ್ಟು ಗಾಜಿನ ಪ್ಲೇಟಿನಲ್ಲಿ ಫೋಟೋ ಹೊಡೆದಿದ್ದಾರೆ ಎಂದು ತೋರಿಸುವ ಮುಳ್ಳು ಅಮ್ಮ, ಹಿಂದಿನ ಪೆಟ್ಟಿಗೆಯ ಮೇಲಿರುತ್ತೆ. ಆ ಕಡೆ ಚೀಟಿ ಮಡಿಸಿದ ಸದ್ದಾಯಿತು. ಆಮೇಲೆ, ಗೋಧಿಯಲ್ಲಿ ಕಲ್ಲು ಸಿಕ್ಕಿತು ಎನ್ನುವಷ್ಟು ಸಾದಾ ದನಿಯಲ್ಲಿ, "ಹಾಗಾದ್ರೆ ನಮ್ಮಮ್ಮ ಅದರೊಳಗೇ ಇದಾಳೆ" ಎಂದರು.

ಅಲ್ಲಿಯೇ, ಆ ಕ್ಷಣದಲ್ಲಿಯೇ ಹೇಳಿಬಿಡಬಹುದಾಗಿತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ. ತಪ್ಪು ಒಪ್ಪಿಕೊಳ್ಳಲಿಕ್ಕೆಂದೇ ಫೋನನ್ನು ಕಂಡುಹಿಡಿದಿರಬೇಕು. ಆದರೆ ಅವನು ಹೇಳಿದ್ದು, "ಕೊಡಿ ಅಮ್ಮ, ಮನೆಗೆ ತಗೊಂಡು ಹೋಗಿ ತೊಳೆದು ನೋಡ್ತೀನಿ" ಎಂದು. ಮನೆಗೆ ತಂದರೆ ಮುಗಿಯಿತು, ಎರಡು ದಿನ ಬಿಟ್ಟು ಫೋನು ಮಾಡಿ, ಎಷ್ಟೋ ವರ್ಷ ಆಯ್ತಲ್ಲಮ್ಮ, ಏನೂ ಉಳಿದಿರಲಿಲ್ಲ ಎಂದರೆ ಸಾಕು. ಆ ಸುಳ್ಳು ಬಾಯಿಗೆ ಬರುವ ಮೊದಲೇ ನಾಲಗೆಯ ಕೆಳಗೆ ಸಿದ್ಧವಾಗಿದ್ದುದಕ್ಕೆ ಅವನಿಗೇ ಆಶ್ಚರ್ಯವಾಯಿತು. "ಬೇಡ," ಎಂದರು ವಿಶಾಲಾಕ್ಷಮ್ಮ. "ಇಷ್ಟು ವರ್ಷ ಈ ಮನೇಲೇ ಇದಾಳೆ. ತೊಳೆಯೋದೂ ಇಲ್ಲೇ ಆಗ್ಲಿ. ನೀವೇ ಬನ್ನಿ. ಕೇದಾರಂಗೆ ಹೇಳಿದೀನಿ, ಯಾರೂ ಮುಟ್ಟಬಾರದು ಅಂತ. ಕತ್ತಲಲ್ಲೇ ತಾನೆ ತೆರೀಬೇಕು ಅದನ್ನ?" "ಹೌದಮ್ಮ," ಎಂದಿದ್ದ ಶ್ರೀಧರ. "ಕತ್ತಲಲ್ಲೇ."

ಅವನ ಹತ್ತಿರ ಇಂಥ ಹಳೇ ಕ್ಯಾಮರಾ ಹನ್ನೊಂದು ಇದ್ದವು. ಎಲ್ಲ ಪ್ಯಾರಿಸಿನಲ್ಲಿ ತಯಾರಾದವು, ಎಲ್ಲ ಎರಡು ಕಣ್ಣಿನವು. ಮನುಷ್ಯನ ಕಣ್ಣುಗಳಿಗಿರುವಷ್ಟೇ ಅಂತರದಲ್ಲಿ ಎರಡು ಮಸೂರ, ಒಂದೇ ಗಾಜಿನ ಪ್ಲೇಟಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಚಿತ್ರ. ನೋಡುವ ಪೆಟ್ಟಿಗೆಯ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಎರಡೂ ಸೇರಿ, ಸತ್ತವರ ಮೂಗು ಮುಂದೆ ಬಂದು, ಹಿಂದಿನ ಗೋಡೆ ಹಿಂದಕ್ಕೆ ಹೋಗಿ, ನಡುವೆ ಗಾಳಿಯಾಡುವಷ್ಟು ಜಾಗ ಹುಟ್ಟುತ್ತಿತ್ತು. ಸರ್ವೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಇತರರ ಜಮೀನಿನ ಗಡಿ ಗುರುತಿಸಿ ನಿವೃತ್ತನಾದವನಿಗೆ ಆ ಜಾಗದ ಮೇಲೆ ಯಾಕೋ ಆಸೆ. ಮೊದಲು ಭಾನುವಾರದ ಸಂತೆಯಲ್ಲಿ ಕೊಂಡ. ಆಮೇಲೆ ಕೊಳ್ಳುವವರು ಅವನನ್ನು ಕೇಳತೊಡಗಿದರು. ಈಗ ಪುಣೆ, ಕಲ್ಕತ್ತಾ, ಮದ್ರಾಸಿನಿಂದ ವಾಟ್ಸಾಪಿನಲ್ಲಿ ಫೋಟೋ ಬರುತ್ತಿತ್ತು, ಸರ್ ಎಷ್ಟಾಗಬಹುದು ಎಂದು. ಮನೆಗಳಿಂದ ಕರೆ ಬರುತ್ತಿದ್ದುದು ಸಾಮಾನ್ಯವಾಗಿ ವೈಕುಂಠ ಸಮಾರಾಧನೆ ಮುಗಿದ ಮಾರನೇ ವಾರ. ತೊಗಲಿನ ವಾಸನೆ ನೋಡಿ, ಮಸೂರಕ್ಕೆ ಬೂಷ್ಟು ಹಿಡಿದಿದೆಯೇ ಎಂದು ಬೆಳಕಿಗೆ ಹಿಡಿದು, ಶಟರಿನ ಸದ್ದನ್ನು ಕಿವಿಗೊಟ್ಟು ಕೇಳಿ, ನಿಕ್ಕಲ್ ಸವೆದು ಹಿತ್ತಾಳೆ ಇಣುಕುವ ಕಡೆ ಹೆಬ್ಬೆರಳಾಡಿಸಿ ಬೆಲೆ ಹೇಳುತ್ತಿದ್ದ. ಬಹಳ ಸಲ ಮನೆಯವರ ಮುಖ ಸಪ್ಪಗಾಗುತ್ತಿತ್ತು. ಅಜ್ಜ ಇಷ್ಟೇನಾ ಎನ್ನುವಂತೆ.

ಗಾಂಧಿ ಬಜಾರು ಮುಗಿದು ಆಶ್ರಮದ ಕಡೆ ತಿರುಗುವಾಗ ಅವನಿಗೆ ಅಪ್ಪನ ಉಗುರುಗಳು ನೆನಪಾದವು. ಮುನಿರಾಮಪ್ಪ ಚಾಮರಾಜಪೇಟೆಯ ಒಂದು ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ನಲವತ್ತು ವರ್ಷ ಪ್ಲೇಟು, ಫಿಲ್ಮು ತೊಳೆದವನು. ಸ್ಟುಡಿಯೋ ಬೇರೆಯವರದು, ಮುಂದಿನ ಕೋಣೆಯ ಬಣ್ಣದ ಪರದೆ, ಮರದ ಕುರ್ಚಿ, ಗಿರಾಕಿಗಳ ನಗು ಎಲ್ಲ ಬೇರೆಯವರದು. ಹಿಂದಿನ ಕೋಣೆಯ ಕತ್ತಲು ಮಾತ್ರ ಅಪ್ಪನದು. ಔಷಧಿಯಲ್ಲಿ ಅದ್ದಿ ಅದ್ದಿ ಉಗುರುಗಳು ಕಪ್ಪಾಗಿದ್ದವು. ಒಮ್ಮೆ ಸ್ಕೂಲಿಗೆ ಊಟದ ಡಬ್ಬಿ ತಂದಾಗ ಪಕ್ಕದ ಹುಡುಗ ಆ ಕೈ ನೋಡಿ, "ಏ, ನಿಮ್ಮಪ್ಪ ಗ್ಯಾರೇಜಾ?" ಎಂದು ಕೇಳಿದ. ಶ್ರೀಧರ ಹೌದೆಂದಿದ್ದ. ಗ್ಯಾರೇಜಾದರೆ ಕಾರುಗಳಾದರೂ ಇರುತ್ತವೆ. ಅಪ್ಪ ಆ ಮಾತನ್ನು ಕೇಳಿಸಿಕೊಂಡನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ, ಡಬ್ಬಿ ಕೊಟ್ಟು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಹೋಗಿದ್ದ. ಅದೇ ಅಪ್ಪ ಅವನಿಗೆ ಒಂದೇ ಒಂದು ಪಾಠ ಹೇಳಿಕೊಟ್ಟಿದ್ದು: "ಪೆಟ್ಟಿಗೆ ಯಾರದೇ ಆಗ್ಲಿ, ಖಾಲಿ ಅಂತ ಯಾರೇ ಹೇಳ್ಲಿ, ಮೊದ್ಲು ಕತ್ತಲಲ್ಲಿ ತೆರಿ ಮಗ. ಕೈ ಹಾಕಿ ನೋಡು. ಬೆರಳಿಗೆ ಗೊತ್ತಾಗುತ್ತೆ. ಕಣ್ಣಿಗೆ ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ."

ಹತ್ತು ದಿನದ ಹಿಂದೆ ಅದೇ ಆಯಿತು. ಗವಿಪುರದ ಆ ಮನೆಯ ಅಟ್ಟವನ್ನು ರಿಪೇರಿಗೆ ಖಾಲಿ ಮಾಡುವಾಗ ಅಜ್ಜನ ಕ್ಯಾಮರಾ ಇದ್ದ ಟ್ರಂಕು ಸಿಕ್ಕಿತೆಂದು ಕೇದಾರ್ ಕರೆಸಿದ್ದ. ಚಿಕ್ಕಪೇಟೆಯಲ್ಲಿ ಅಜ್ಜ ನಂಜುಂಡಯ್ಯನವರ ಕಾಲದಿಂದ ಬಂದ ಸೀರೆ ಅಂಗಡಿ, ನಲವತ್ತಾರು ವರ್ಷ ವಯಸ್ಸು, ಹಣೆಯಲ್ಲಿ ತೆಳುವಾದ ವಿಭೂತಿ, ಕೈಯಲ್ಲಿ ಎರಡು ಫೋನು. ಕಾಫಿ ಪೇಪರ್ ಕಪ್ಪಿನಲ್ಲಿ ಬಂತು. ಪೇಪರ್ ಕಪ್ಪು ಈ ಊರಿನ ಬಹಳ ಹಳೆಯ ಸಂದೇಹವೊಂದನ್ನು ಬಗೆಹರಿಸಿಬಿಟ್ಟಿದೆ, ಯಾರು ಕುಡಿದ ಲೋಟವನ್ನು ಯಾರು ತೊಳೆಯಬೇಕೆಂದು ಯಾರೂ ಯೋಚಿಸಬೇಕಾಗಿಲ್ಲ. ಬಹುಶಃ ಆ ಮನೆಯಲ್ಲಿ ಎಲ್ಲರಿಗೂ ಪೇಪರ್ ಕಪ್ಪೇ ಇರಬಹುದು. ಶ್ರೀಧರ ಅದನ್ನು ಯೋಚಿಸಿದ, ಯೋಚಿಸಿದ್ದಕ್ಕೆ ಸಂಕೋಚಪಟ್ಟ, ಕಾಫಿ ಆರಿತು. "ಸರ್ ಯಾವ ಕಡೆಯವರು?" ಎಂದ ಕೇದಾರ್. "ಮಾವಳ್ಳಿ." "ಅಲ್ಲ, ಅಂದ್ರೆ... ಯಾವ ಮಠದ ಕಡೆ?" ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ, ಅಂಗಡಿಯವರು ಸೀರೆಯ ಅಂಚನ್ನು ಬೆರಳಲ್ಲಿ ತಿರುವಿ ನೋಡುವ ಹಾಗೆ. ಶ್ರೀಧರ ನಕ್ಕು, "ನಮ್ಮದು ಸ್ಟುಡಿಯೋ ಮನೆತನ" ಎಂದ. ತಮಾಷೆಯಾಗಿಯೇ ಹೊರಟ ಮಾತು. ಆದರೆ ಕೇದಾರನ ಮುಖ ಅರಳಿತು. "ಓ! ಸ್ವಂತ ಸ್ಟುಡಿಯೋನಾ? ತಂದೆಯವರದಾ?" "ಹೌದು, ಚಾಮರಾಜಪೇಟೇಲಿ." "ಅದಕ್ಕೇ ಮತ್ತೆ! ರಕ್ತದಲ್ಲೇ ಬಂದಿದೆ ಬಿಡಿ. ತೋರಿಸಿ ಸರ್, ಇದು ಹೆಂಗೆ ಕೆಲಸ ಮಾಡುತ್ತೆ ನೋಡೋಣ."

ಆಮೇಲೆ ಅವನ ಕೈಗಳು ಸ್ಟುಡಿಯೋ ಮಾಲೀಕನ ಮಗನ ಕೈಗಳಾದವು. ಕ್ಯಾಮರಾ ವೆರಾಸ್ಕೋಪ್, ಇಪ್ಪತ್ತರ ದಶಕದ್ದು, ಇಟ್ಟಿಗೆಯಷ್ಟು ತೂಕದ ಪುಟ್ಟ ಹಿತ್ತಾಳೆಯ ಜೀವ. ಹಿಂದಿನ ಪೆಟ್ಟಿಗೆಯಲ್ಲಿ ಹನ್ನೆರಡು ತೆಳು ತಗಡುಗಳಿರಬೇಕು, ಒಂದೊಂದು ತಗಡಿನ ಚೌಕಟ್ಟಿನಲ್ಲಿ ಒಂದೊಂದು ಗಾಜಿನ ಪ್ಲೇಟು ಕೂರುತ್ತದೆ. ಹನ್ನೆರಡೂ ಇರುವ ಪೆಟ್ಟಿಗೆ ಅಪರೂಪ, ಮಕ್ಕಳು ಆಡಿ ಕಳೆದಿರುತ್ತಾರೆ. ಹನ್ನೆರಡೂ ಇದ್ದರೆ ಬೆಲೆ ಒಂದಿಷ್ಟು ಏರುತ್ತದೆ. ಮುಳ್ಳು ಮೂರರಲ್ಲಿತ್ತು. ಅದನ್ನು ನೋಡಿದ್ದ, ಬರೆದುಕೊಂಡಿದ್ದ ಕೂಡ. ಇಪ್ಪತ್ತು ವರ್ಷದಲ್ಲಿ ನೂರಾರು ಪೆಟ್ಟಿಗೆ ತೆರೆದವನಿಗೆ ನಾಲ್ಕರಲ್ಲಿ ಮಾತ್ರ ಗಾಜು ಸಿಕ್ಕಿತ್ತು, ಆ ನಾಲ್ಕನ್ನೂ ಕತ್ತಲಲ್ಲೇ ತೆರೆದಿದ್ದ. ಆವತ್ತು ಕೇದಾರನ ಫೋನು ಬಡಿದುಕೊಂಡಿತು. ಅವನು ಮಾತನಾಡುತ್ತ ಜಗಲಿಗೆ ಹೋದ, ಕಿಟಕಿಯ ಸರಳುಗಳ ಆಚೆ ಅವನ ಬೆನ್ನು ಕಾಣುತ್ತಿತ್ತು. ತಿರುಗಿ ನೋಡಿದರೆ ಬಲ್ಲವನ ಕೈ ಹೇಗೆ ಓಡುತ್ತದೆಂದು ಕಾಣಲಿ ಎಂದು, ಹಜಾರದ ಗಾಜಿನ ಬೆಳಕಿಂಡಿಯ ಕೆಳಗೆ, ಕೆಂಪು ಗಾರೆಯ ನೆಲದ ಮೇಲೆ ಪೇಪರ್ ಹಾಸಿ ಕೂತು ಶ್ರೀಧರ ಮುಚ್ಚಳವನ್ನು ಟಕ್ಕೆಂದು ತೆರೆದು ಮೊದಲನೆಯ ತಗಡನ್ನು ಎಳೆದು ತಿರುಗಿಸಿ ಇಟ್ಟ.

ಕೆನೆಯ ಬಣ್ಣ. ಕಾಸಿ ಆರಿಸಿದ ಹಾಲಿನ ಮೇಲೆ ಕಟ್ಟಿದ ಕೆನೆಯ ಹಾಗೆ, ಮಾಸಲು, ನುಣುಪು. ಗಾಜಿತ್ತು. ತೊಳೆಯದ ಗಾಜು, ಬೆಳಕು ಸೋಕಿದರೆ ಚಿತ್ರ ಅಳಿದುಹೋಗುವಂಥದು. ಬೆಳಕಿಂಡಿಯಿಂದ ಬಿದ್ದ ಹನ್ನೊಂದು ಗಂಟೆಯ ಬಿಸಿಲು ಅದರ ಮೇಲೆ ಸರಿಯಾಗಿ ಕೂತಿತ್ತು. ಅಲ್ಲಿ ನಿಲ್ಲಿಸಬೇಕಿತ್ತು. ಒಂದಕ್ಕೆ ಪ್ರಮಾದ ಎನ್ನಬಹುದು. ಮುಚ್ಚಳ ಹಾಕಿದ್ದರೆ ಒಳಗಿದ್ದ ಉಳಿದವು ತಮ್ಮ ತಗಡಿನ ಮರೆಯಲ್ಲಿ ಸುರಕ್ಷಿತವಾಗಿರುತ್ತಿದ್ದವು, ಅದು ಅವನಿಗೆ ಗೊತ್ತಿತ್ತು, ಗೊತ್ತಿದೆ ಎನ್ನುವುದೂ ಗೊತ್ತಿತ್ತು. ಆದರೆ ಕೇದಾರ್ ತಿರುಗಿ ನೋಡಿ, ಯಾಕೆ ಸರ್ ನಿಲ್ಲಿಸಿದ್ರಿ ಎಂದು ಕೇಳಿದರೆ? ಸ್ಟುಡಿಯೋ ಮನೆತನದವನು ಏನೆಂದು ಹೇಳುವುದು? ಎರಡು, ಎಂದು ಎಣಿಸಿದ. ಕೆನೆ. ಮೂರು. ಕೆನೆ. ನಾಲ್ಕರಿಂದ ಹನ್ನೆರಡರ ತನಕ ಖಾಲಿ ತಗಡು. ಇಸ್ಪೀಟು ಹಂಚುವವನ ಹಾಗೆ ಸಾಲಾಗಿ ಇಟ್ಟು, ಸಾಲಾಗಿ ತೆಗೆದು ತುಂಬಿ, ಮುಚ್ಚಿದ. ಅಷ್ಟೂ ಹೊತ್ತು ಕೇದಾರ್ ತಿರುಗಲೇ ಇಲ್ಲ. ಸೂರತ್ತಿನಿಂದ ಬರಬೇಕಾದ ಮಾಲಿನ ಬಗ್ಗೆ ಯಾರನ್ನೋ ಬೈಯುತ್ತಿದ್ದ. ನೋಡುವವರೇ ಇಲ್ಲದ ಆಟವನ್ನು ಶ್ರೀಧರ ಕೊನೆಯ ತನಕ ಆಡಿದ್ದ. ಆಮೇಲೆ ಚೀಟಿಯಲ್ಲಿ ಬೆಲೆ ಬರೆದ, ಹದಿನೆಂಟು ಸಾವಿರ. "ಫ್ರಾನ್ಸಿಂದು ಅಂತೀರಾ, ಅಷ್ಟೇನಾ?" ಎಂದಿದ್ದ ಕೇದಾರ್, ಅಜ್ಜನ ಬಗ್ಗೆ ಬೇಸರಪಟ್ಟುಕೊಂಡು.

ಇವತ್ತು ಬಾಗಿಲು ತೆರೆದವರು ವಿಶಾಲಾಕ್ಷಮ್ಮನವರೇ. ಸಣ್ಣ ಮೈ, ಕಪ್ಪು ಕನ್ನಡಕ, ಅದರ ಕೆಳಗಿಂದ ಹೊಸ ಕಣ್ಣುಗಳು ಎಲ್ಲವನ್ನೂ ಸ್ವಲ್ಪ ಹೆಚ್ಚಾಗಿಯೇ ನೋಡುತ್ತಿದ್ದವು. "ಬನ್ನಿ ಬನ್ನಿ. ಆಪರೇಷನ್ ಆದಮೇಲೆ ಎಲ್ಲಾ ನೀಲಿ ನೀಲಿ ಕಾಣುತ್ತೆ ಕಣ್ರೀ. ನಿಮ್ಮಂಗಿ ಬಿಳೀದೇ ತಾನೆ?" ಕಾಫಿ ಬೆಳ್ಳಿಯ ಲೋಟದಲ್ಲಿ ಬಂತು. ಪೇಪರ್ ಕಪ್ಪೇ ಎಷ್ಟೋ ವಾಸಿಯಾಗಿತ್ತು ಎಂದುಕೊಂಡು ಅವನು ಬಾಯಿ ಸುಟ್ಟುಕೊಂಡ. ಕೇದಾರ್ ಕೈಯಲ್ಲಿ ಫೋನು ಹಿಡಿದು ನಿಂತಿದ್ದ, ಇವತ್ತು ಅಂಗಡಿಗೂ ಹೋಗಿರಲಿಲ್ಲ. "ಅತ್ತೆ ನೆನ್ನೆಯಿಂದ ನಿದ್ದೆ ಮಾಡಿಲ್ಲ ಸರ್. ನೀವೇ ಏನಾದ್ರೂ ಮಾಡಿ."

ಮಾಳಿಗೆಯ ಮೆಟ್ಟಿಲ ಕೆಳಗೆ ಉಗ್ರಾಣವಿತ್ತು. ಬಾಗಿಲ ಸಂದಿಗಳಿಗೆ ಕಂಬಳಿ ತುರುಕಿ, ಬಲ್ಬು ಬದಲಿಸಿ, ಹಳೇ ಮಣೆಯ ಮೇಲೆ ಮೂರು ತಟ್ಟೆ ಸಾಲಾಗಿಟ್ಟ. ಬೇಡವೆಂದರೂ ವಿಶಾಲಾಕ್ಷಮ್ಮ ಒಳಗೆ ಬಂದು ಅಕ್ಕಿ ಡಬ್ಬದ ಮೇಲೆ ಕೂತರು. ಬಾಗಿಲು ಮುಚ್ಚಿತು. ಕೆಂಪು ಬೆಳಕಿನಲ್ಲಿ ಅವರ ಬಿಳಿ ಸೀರೆ ಮಾತ್ರ ಕಾಣುತ್ತಿತ್ತು, ಮುಗ್ಗಲು ಅಕ್ಕಿಯ ವಾಸನೆ, ಅದರ ಮೇಲೆ ಡೆವಲಪರಿನ ಹುಳಿ ವಾಸನೆ ಏರಿ, ಶ್ರೀಧರನಿಗೆ ಅಪ್ಪ ಪಕ್ಕದಲ್ಲಿ ನಿಂತಿದ್ದಾನೆ ಎನ್ನಿಸಿತು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು.

"ನಮ್ಮಪ್ಪ ಕಾಶೀನ ತೆಗೆದ್ರು, ಮೈಸೂರು ದಸರಾ ತೆಗೆದ್ರು, ಲಾಲ್‌ಬಾಗಿನ ಫಲಪುಷ್ಪಾನೂ ತೆಗೆದ್ರು," ಎಂದರು ಕತ್ತಲಿನಿಂದ. "ಅಮ್ಮನ್ನ ಮಾತ್ರ ತೆಗೀಲಿಲ್ಲ. ಮನೇಲೇ ಇರ್ತಾಳಲ್ಲ, ಯಾವಾಗ ಬೇಕಾದ್ರೂ ತೆಗೀಬಹುದು ಅಂತ. ಯುದ್ಧದ ಕಾಲ, ಪ್ಲೇಟೂ ಸಿಗ್ತಿರಲಿಲ್ಲ. ಕೊನೇಗೆ ಮೂರು ಉಳಿದಿತ್ತಂತೆ. ಮಾಳಿಗೆ ಮೇಲೆ ಸಂಡಿಗೆ ಇಡ್ತಿದ್ದೋಳನ್ನ ಹಾಗೇ ಕೂರಿಸಿ ತೆಗೆದ್ರು. ಹದಿನೈದು ದಿನಕ್ಕೆ ವಿಷಮಜ್ವರ ಬಂತು, ಹೋದ್ಲು. ನಂಗಾಗ ನಾಕು. ಅಪ್ಪ ಕ್ಯಾಮರಾನ ಟ್ರಂಕಿಗೆ ಹಾಕಿ ಬೀಗ ಹಾಕಿದ್ರು. ತೊಳೆಸಿದ್ರೆ ನೋಡ್ಬೇಕಾಗುತ್ತಲ್ಲ. ಆಮೇಲೆ ಇನ್ನೊಂದು ಮದುವೆ, ಕೇದಾರನ ಅಜ್ಜಿ. ಇದ್ದ ಒಂದು ಮದುವೆ ಪಟಾನ ಅಮ್ಮನ ತವರಿನೋರು ಎತ್ಕೊಂಡು ಹೋದ್ರು. ನಂಗೆ ಅವಳ ಕೈ ಜ್ಞಾಪಕ ಇದೆ, ಹಿಟ್ಟಿನ ಕೈ. ಮುಖ ಇಲ್ಲ."

ಶ್ರೀಧರ ಪೆಟ್ಟಿಗೆಯ ಮುಚ್ಚಳವನ್ನು ಸದ್ದಾಗದಂತೆ ತೆರೆದ. ಎಷ್ಟು ನಾಜೂಕಾಗಿ ತೆರೆದನೆಂದರೆ, ಅದನ್ನು ಮೊದಲ ಸಲ ತೆರೆಯುತ್ತಿರುವವನೂ ಅಷ್ಟು ನಾಜೂಕಾಗಿ ತೆರೆಯಲಾರ. "ಮೂರರಲ್ಲೂ ಅಮ್ಮನೇನಾ?" ಎಂದು ಕೇಳಿದ, ಏನಾದರೂ ಕೇಳಬೇಕೆಂದು. "ಮೊದಲ್ನೇದರಲ್ಲಿ ಅಮ್ಮ ಒಬ್ಬಳೇ. ಎರಡನೇದರಲ್ಲಿ ಅವಳ ತೊಡೆ ಮೇಲೆ ನಾನು. ಮೂರನೇದರಲ್ಲಿ ನಾನೊಬ್ಬಳೇ. ಹಟ ಮಾಡಿದ್ನಂತೆ, ನಂದೂ ಒಂದು ತೆಗೀರಿ ಅಂತ." ಅವರು ನಕ್ಕರು. "ಅದು ಹೋದ್ರೆ ಹೋಗ್ಲಿ. ನನ್ನ ಮುಖ ನಂಗೇನು ಹೊಸದಾ?"

ಪೆಟ್ಟಿಗೆಯಲ್ಲಿ ಕೊನೆಯದಾಗಿ ಹೊಡೆದ ಪ್ಲೇಟು ಎಲ್ಲಕ್ಕಿಂತ ಹಿಂದೆ ಇರುತ್ತದೆ, ಮುಚ್ಚಳ ತೆಗೆದರೆ ಮೊದಲು ಕೈಗೆ ಸಿಗುವುದು ಅದೇ. ಆವತ್ತು ಪ್ರಮಾದದಿಂದ ಬೆಳಕಿಗೆ ಬಿದ್ದದ್ದು ಹಟ ಮಾಡಿದ ಮಗು. ಎರಡು, ಮೂರು ಎಂದು ಎಣಿಸಿ ಬಿಸಿಲಿಗಿಟ್ಟ ಅಮ್ಮ ಪ್ರಮಾದವಲ್ಲ. ಮೈಯಲ್ಲಿದ್ದ ಬಿಸಿಯೆಲ್ಲ ಕಿವಿಗೆ ಬಂದು ಕೂತಿತು. ಕತ್ತಲಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡ. ಹೇಳು, ಎಂದಿತು ಒಳಗಿನಿಂದ. ಅವನು ಬಾಯಿ ತೆರೆದ. "ಅಮ್ಮ, ಒಂದು ಮಾತು ಹೇಳಬೇಕು. ಕೇದಾರ್ ಹತ್ರ ಆವತ್ತು ಸುಳ್ಳು ಹೇಳ್ದೆ. ಸ್ಟುಡಿಯೋ ನಮ್ಮ ತಂದೆಯವರದಲ್ಲ. ಅವರು ಅಲ್ಲಿ ಪ್ಲೇಟು ತೊಳೀತಿದ್ರು. ಕೂಲಿ ಕೆಲಸ." ಹೇಳಿದ ಮೇಲೆ ಗೊತ್ತಾಯಿತು, ದೊಡ್ಡ ಗಾಯಕ್ಕೆ ಪಟ್ಟಿ ಕಟ್ಟಲೆಂದು ಸಣ್ಣ ಗಾಯವನ್ನು ತೋರಿಸಿದ್ದೇನೆ ಎಂದು. ಐವತ್ತು ವರ್ಷ ಬಚ್ಚಿಟ್ಟುಕೊಂಡ ಅಪ್ಪನನ್ನು ಈಗ ಲಂಚವಾಗಿ ಕೊಟ್ಟಿದ್ದ. "ಅಯ್ಯೋ, ಅದಕ್ಯಾಕೆ ಇಷ್ಟೊಂದು ಸಂಕೋಚ?" ಎಂದರು ಆಕೆ. "ತೆಗೆಯೋರಿಗಿಂತ ತೊಳೆಯೋರದೇ ಕೆಲಸ ಅಂತಿದ್ರು ನಮ್ಮಪ್ಪ. ನಿಮ್ಮಂಥೋರೇ ಸಿಕ್ಕಿದ್ರಲ್ಲ, ಅದೇ ನನ್ನ ಪುಣ್ಯ." ಆ ಪುಣ್ಯವನ್ನು ಅವನು ಮೈಮೇಲೆ ಬಿದ್ದ ಹಲ್ಲಿಯಂತೆ ಸಹಿಸಿಕೊಂಡ.

ಮೂರನ್ನೂ ಡೆವಲಪರಿಗೆ ಇಳಿಸಿ ತಟ್ಟೆಯನ್ನು ಮೆಲ್ಲಗೆ ತೂಗಿದ. ಚಿತ್ರವಿದ್ದಿದ್ದರೆ ಮೊದಲು ಆಕಾಶ ಕಪ್ಪಾಗಬೇಕು, ಆಮೇಲೆ ಸೀರೆ, ಆಮೇಲೆ ನಿಧಾನವಾಗಿ ಮುಖ. ಅಪ್ಪ ಉಸಿರು ಹಿಡಿದು ಕಾಯುತ್ತಿದ್ದ ಹೊತ್ತು ಅದು. ಇಲ್ಲಿ ಕಾಯುವುದೇ ಇರಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಮೂರೂ ಒಮ್ಮೆಲೇ, ಅಂಚಿನಿಂದ ಅಂಚಿಗೆ, ಸೌದೆ ಒಲೆಯ ಮೇಲಿಟ್ಟ ಬಾಣಲಿಯ ತಳದಂತೆ ಕಪ್ಪಾದವು. "ಬಂತಾ?" ಎಂದರು ಕತ್ತಲಿನಿಂದ. "ಇರಿ ಅಮ್ಮ." ಮುಗಿದ ಮೇಲೂ ಅವನು ತಟ್ಟೆಯನ್ನು ತೂಗುತ್ತಲೇ ಇದ್ದ, ನಿದ್ದೆ ಹೋದ ಮಗುವಿನ ತೊಟ್ಟಿಲು ತೂಗುವವನಂತೆ, ಐದು ನಿಮಿಷ, ಆರು ನಿಮಿಷ. ಆಮೇಲೆ ಹೈಪೋ. ಆಮೇಲೆ ನೀರು. ಒಂದು ಹೆಜ್ಜೆಯನ್ನೂ ಬಿಡಲಿಲ್ಲ.

ಬಾಗಿಲು ತೆರೆದಾಗ ಹಜಾರದ ಬೆಳಕು ಕಣ್ಣಿಗೆ ಹೊಡೆಯಿತು. ವಿಶಾಲಾಕ್ಷಮ್ಮ ಬೆಳಕಿಂಡಿಯ ಕೆಳಗೆ ನಿಂತು, ಒದ್ದೆ ಗಾಜನ್ನು ಅಂಗೈಗಳ ನಡುವೆ ಹಿಡಿದು ಮೇಲೆತ್ತಿದರು. ಒಂದು, ಇನ್ನೊಂದು, ಮತ್ತೊಂದು. ಅವರ ಮುಖ ಬದಲಾಗಲಿಲ್ಲ. ಕಪ್ಪು ಕನ್ನಡಕ ತೆಗೆದು ಮತ್ತೆ ನೋಡಿದರು. "ವಯಸ್ಸಮ್ಮ," ಎಂದ ಶ್ರೀಧರ. ನಾಲಗೆಯ ಕೆಳಗೆ ಕಾದಿದ್ದ ಮಾತು ಯಾವ ಕಷ್ಟವೂ ಇಲ್ಲದೆ ಹೊರಬಂತು. "ಎಂಬತ್ತು ವರ್ಷ ಅಂದ್ರೆ ಸುಮ್ನೆ ಅಲ್ಲ. ಗಾಜಿನ ಮೇಲಿನ ಮದ್ದು ತಾನಾಗೇ ಕಪ್ಪಾಗಿಬಿಡುತ್ತೆ." "ಪಾಪ, ನೀವೇನ್ ಮಾಡ್ತೀರಿ," ಎಂದರು ಆಕೆ. ಅವನ ಎದೆ ಹಗುರಾಯಿತು.

ಅವರು ಗಾಜನ್ನು ಕೆಳಗಿಡಲಿಲ್ಲ. ಹೆಬ್ಬೆರಳಿನಿಂದ ಅದರ ಅಂಚನ್ನು ಸವರುತ್ತಿದ್ದರು. ಕಪ್ಪಿನ ಸುತ್ತ, ನಾಲ್ಕೂ ಕಡೆ, ದಾರದೆಳೆಯಷ್ಟು ಅಗಲಕ್ಕೆ ಗಾಜು ಶುಭ್ರವಾಗಿತ್ತು, ಕಪ್ಪು ಸೀರೆಗೆ ಬಿಳಿ ಅಂಚು ಕಟ್ಟಿದ ಹಾಗೆ. "ಇಲ್ಲ್ಯಾಕೆ ಕಪ್ಪಾಗಿಲ್ಲ?" ಎಂದರು. "ಅದು... ತಗಡಿನ ಚೌಕಟ್ಟು ಅಲ್ಲಿ ಮುಚ್ಕೊಂಡಿರುತ್ತೆ ಅಮ್ಮ." "ಹೌದಾ?" ಆಕೆ ಇನ್ನೂ ಅಂಚನ್ನೇ ನೋಡುತ್ತಿದ್ದರು. "ಅಮ್ಮ ಹೋದ್ಮೇಲೆ ನನ್ನ ನೋಡ್ಕೊಳೋರಿಲ್ಲ ಅಂತ ಅಪ್ಪ ಅಂಗಡಿಗೇ ಕರ್ಕೊಂಡು ಹೋಗ್ತಿದ್ರು. ಗಾದಿ ಮೇಲೇ ಬೆಳೆದೋಳು ನಾನು. ಗಿರಾಕಿ ಬಂದು, ನಿಮ್ಮ ಸೀರೆ ಬಣ್ಣ ಹೋಯ್ತು, ಹಳೇ ಮಾಲು ಕೊಟ್ಟಿದೀರಿ ಅಂತ ಜಗಳ ತೆಗೆದ್ರೆ ಅಪ್ಪ ಮಾತಾಡ್ತಿರಲಿಲ್ಲ. ಮಡಿಕೆ ಬಿಡಿಸಿ ತೋರಿಸ್ತಿದ್ರು ಅಷ್ಟೆ. ವಯಸ್ಸಾಗಿ ಹೋದ ಬಣ್ಣ ಮಡಿಕೆ ಒಳಗೂ ಹೊರಗೂ ಒಂದೇ ಸಮ ಹೋಗಿರುತ್ತೆ. ಬಿಸಿಲಿಗೆ ಹೋದದ್ದು ಮಡಿಕೆ ಒಳಗೆ ಹೊಸದಾಗೇ ಇರುತ್ತೆ." ಗಾಜನ್ನು ಅವನ ಕಡೆ ಚಾಚಿದರು. "ಇದು ವಯಸ್ಸಲ್ಲ ಕಣ್ರೀ. ಇದು ಬಿಸಿಲು."

ಅವನ ಕೈ ಗಾಜನ್ನು ಈಸಿಕೊಂಡಿತು. ತನ್ನ ಅಪ್ಪನಿದ್ದಿದ್ದರೂ ಅಷ್ಟೇ ಹೇಳುತ್ತಿದ್ದ, ಒಂದೇ ನೋಟಕ್ಕೆ. "ಕೇದಾರಾ!" ಎಂದು ಕೂಗಿದರು ವಿಶಾಲಾಕ್ಷಮ್ಮ. ಆ ಕೂಗು ಅಂಗಡಿಯದಲ್ಲ. "ಕೇದಾರಾ, ಇಲ್ಲಿ ಬಾ. ಇದನ್ನ ತೆರೆದಿದ್ಯಾ ನೀನು?" ಕೇದಾರ್ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ ಬಂದ. "ಇಲ್ಲ ಅತ್ತೆ, ನಾನ್ಯಾಕೆ..." "ಬಿಸಿಲು ಬಿದ್ದಿದೆ ಇದಕ್ಕೆ. ಯಾರೋ ತೆರೆದಿದಾರೆ. ನಿನ್ನ ಬಿಟ್ಟು ಇನ್ಯಾರು ಮುಟ್ಟಿದ್ದು?" ನಲವತ್ತಾರು ವರ್ಷದ ಗಂಡಸು, ಎಂಟು ಜನ ಕೆಲಸದವರನ್ನು ಆಳುವವನು, ಕಂಬಕ್ಕೆ ಒರಗಿ ಸಣ್ಣವನಾದ. ಯೋಚಿಸಿದ. ಪ್ರಾಮಾಣಿಕವಾಗಿ ಯೋಚಿಸುತ್ತಿದ್ದಾನೆ ಎಂದು ಶ್ರೀಧರನಿಗೆ ಕಾಣುತ್ತಿತ್ತು. "ಟ್ರಂಕಿಂದ ಎತ್ತೋವಾಗ ಒಂದ್ಸಲ ಕೈ ಜಾರಿತ್ತು ಅತ್ತೆ. ಟಕ್ ಅಂತ ಏನೋ ಸದ್ದಾಯ್ತು. ಮುಚ್ಚಳ ತೆರ್ಕೊಂಡಿತ್ತೇನೋ... ನಾನು ಗಮನಿಸ್ಲಿಲ್ಲ. ನಾನೇ ಇರ್ಬೇಕು." ಆಮೇಲೆ ಬಲ್ಲವನ ಕಡೆ ತಿರುಗಿದ, ಡಾಕ್ಟರನ್ನು ಕೇಳುವ ಹಾಗೆ. "ಅಷ್ಟಕ್ಕೆಲ್ಲ ಹೋಗ್ಬಿಡುತ್ತಾ ಸರ್?"

ಹೂಂ ಎಂದರೆ ಸಾಕಿತ್ತು. ಹೂಂ ಎನ್ನುವುದೂ ಬೇಡ, ತಲೆ ಆಡಿಸಿದರೆ ಸಾಕು, ಅದೂ ಬೇಡ, ಸುಮ್ಮನಿದ್ದರೆ ಸಾಕು. ಅವನು ಸುಮ್ಮನಿದ್ದ. ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು. ಬೆಳಕಿಂಡಿಯ ಗಾಜಿನ ಮೇಲೆ ಪಾರಿವಾಳವೊಂದು ನಡೆದಾಡಿತು, ಅದರ ಗುಲಾಬಿ ಪಾದಗಳು ಕೆಳಗಿನಿಂದ ಕಾಣುತ್ತಿದ್ದವು. ಇಂಥ ಹೊತ್ತಿನಲ್ಲಿಯೂ ಇದನ್ನೆಲ್ಲ ನೋಡುತ್ತಿದ್ದೇನಲ್ಲ ಎಂದುಕೊಂಡ. ಕೇದಾರನ ಕಣ್ಣು ಕೆಂಪಾಗಿತ್ತು. ಎಷ್ಟು ಹೊತ್ತಾಯಿತೆಂದು ಶ್ರೀಧರನಿಗೆ ಆಮೇಲೆ ಎಷ್ಟು ಲೆಕ್ಕ ಹಾಕಿದರೂ ತಿಳಿಯಲಿಲ್ಲ. ಎರಡನೇ ಸಲ ಕುಕ್ಕರ್ ಕೂಗಿದ್ದು ಮಾತ್ರ ಜ್ಞಾಪಕವಿದೆ.

"ನಾನು ಬರೆದ ಚೀಟಿ ಎಲ್ಲಿದೆ ಅಮ್ಮ?" ಎಂದ.

ವಿಶಾಲಾಕ್ಷಮ್ಮ ವಚನದ ಪುಸ್ತಕದ ನಡುವೆ ಮಡಿಸಿಟ್ಟಿದ್ದ ಚೀಟಿ ತೆಗೆದರು. "ಕೊನೇ ಸಾಲು," ಎಂದ. ನಾನೇ ತೆರೆದೆ ಎನ್ನುವ ಮಾತು ಬರಲೇ ಇಲ್ಲ, ಬರವಣಿಗೆಯೇ ಹೇಳಲಿ ಎಂದು ಬಿಟ್ಟ. ಭೂತಗನ್ನಡಿ ಹುಡುಕುವಷ್ಟರಲ್ಲಿ ಕೇದಾರನೇ ಬಗ್ಗಿ ಓದಿದ. "ತಗಡು ಹನ್ನೆರಡು, ಪೂರ್ತಿ." ಓದಿ, ಏನೂ ಅರ್ಥವಾಗದೆ, "ಹೌದು, ಕಂಪ್ಲೀಟ್ ಸೆಟ್ ಅಂತ ಹೇಳಿದ್ರಲ್ಲ ಸರ್ ಆವತ್ತು" ಎಂದ.

ವಿಶಾಲಾಕ್ಷಮ್ಮ ಚೀಟಿಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ಅವನನ್ನು ನೋಡಿದರು. ಹೊಸ ಕಣ್ಣುಗಳು.

"ಮುಚ್ಚಿದ ಪೆಟ್ಟಿಗೆ," ಎಂದರು. "ಹೇಗೆ ಎಣಿಸಿದ್ರಿ?"

ಅವನು ಕೈಯಲ್ಲಿದ್ದ ಗಾಜನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ಎಲ್ಲಿ ಕೂತು ಎಣಿಸಿದ್ರಿ?"

ಅವನು ನೆಲ ತೋರಿಸಿದ. ಬೆಳಕಿಂಡಿಯ ಬಿಸಿಲು ಅದೇ ಜಾಗದಲ್ಲಿ, ಅದೇ ಚೌಕದಲ್ಲಿ ಬಿದ್ದಿತ್ತು. ಆಕೆ ಹೋಗಿ, ಆವತ್ತಿನ ಪೇಪರ್ ಇರಲಿಲ್ಲವೆಂದು ಇವತ್ತಿನದನ್ನು ತಂದು ಗಾರೆಯ ಮೇಲೆ ಹಾಸಿ, ಅಂಚುಗಳನ್ನು ಸರಿಮಾಡಿದರು, ಅತಿಥಿಗೆ ಎಲೆ ಹಾಕುವಷ್ಟು ನಿಗಾ ವಹಿಸಿ. ಪೆಟ್ಟಿಗೆಯನ್ನು ತಂದು ಅವನ ಕೈಗಿತ್ತರು. "ತೋರಿಸಿ. ನೋಡ್ತೀನಿ."

"ಅತ್ತೆ, ಬಿಡಿ..." ಎಂದ ಕೇದಾರ್, ಈಗ ಅರ್ಥವಾಗಿ. ಆಕೆ ಅವನ ಕಡೆ ತಿರುಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

ಶ್ರೀಧರ ನೆಲದ ಮೇಲೆ ಕೂತು ಮುಚ್ಚಳ ತೆಗೆದ. ಟಕ್ಕೆಂದಿತು. ತಗಡನ್ನು ಎಳೆದು, ತಿರುಗಿಸಿ, ಬಿಸಿಲಿನಲ್ಲಿಟ್ಟ. ಖಾಲಿ ಚೌಕಟ್ಟು. "ಒಂದು," ಎಂದ. ಡೆವಲಪರ್ ಒಣಗಿದ ಬೆರಳುಗಳ ತುದಿಗಳು ಕಂದಾಗಿದ್ದವು, ಉಗುರಿನ ಸಂದಿಗಳಲ್ಲಿ ಆಗಲೇ ಕಪ್ಪು ಇಳಿದಿತ್ತು. ಆ ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುವಂತಿರಲಿಲ್ಲ. ಎರಡನೆಯದನ್ನು ಎಳೆದವನು ತಿರುಗಿಸಲಾರದೆ ಕೈ ನಿಲ್ಲಿಸಿದ.

"ನಿಲ್ಲಿಸ್ಬೇಡಿ," ಎಂದರು ವಿಶಾಲಾಕ್ಷಮ್ಮ. "ಆವತ್ತು ನಿಲ್ಲಿಸಲಿಲ್ಲವಲ್ಲ."

"ಎರಡು," ಎಂದ.